ಎರಡು ದಿನ ಮೈಸೂರಿನಲ್ಲಿ

ಮೈಸೂರನ್ನು ನೋಡದ ಕನ್ನಡಿಗರು ವಿರಳ. ನೋಡಿಬಂದು ಅದನ್ನು ಕುರಿತು ನಾಲ್ಕು ಮಾತನ್ನಾದರೂ ಆಡದೆ ಇರುವವರು ಇನ್ನೂ ವಿರಳ. ಆದುದರಿಂದ ಇದರಲ್ಲಿ ಹೊಸದೇನಿದ್ದೀತೆಂದು ವಾಚಕರು ಪುಟ ಮಗುಚಿದರೆ ನಾನು ಬೇಸರಪಡುವಂತಿಲ್ಲ. ನಾನೂ ಆ ಊರಿಗೆ ಎಷ್ಟೋ ಬಾರಿ ಹೋದವನೆ. ಆದರೆ ಚಾಮುಂಡಿಬೆಟ್ಟವನ್ನು ಒಂದೊಂದು ಮೆಟ್ಟಿಲ ಬಳಿಯೂ ನಿಂತು ನಿಂತು ಹತ್ತಿದುದು ಈಚೆಗೆ ಒಂದೇ ಸಲ. ಅದೂ ನನ್ನ ಹರಕೆಗಾಗಿ ಅಲ್ಲ, ನನ್ನ ಬಾಲ್ಯಮಿತ್ರನ ತಾಯಿಯ ಹರಕೆಗಾಗಿ.

ಮಿತ್ರನು ಗಣಿತದ ಉಪಾಧ್ಯಾಯ. ದೇವರು ದಿಂಡರ ಮಾತು ಬಂದರೆ ಪ್ರಮಾಣ ಕೇಳುವ ಸ್ವಭಾವದವನು. ಅವನಿಗೆ ಹತ್ತು ವರ್ಷವಾಗಿದ್ದಾಗ ವಿಷಮಶೀತಜ್ವರ ಹಿಡಿದು, ಮೂರು ವಾರವಾದರೂ ಇಳಿಯದೆ ಹೋಯಿತು. ಆಗ ಅವನ ತಾಯಿ, "ಮಗು ಎದ್ದು ಓಡಾಡಲಿ, ಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚಿ ಬರುತ್ತೇನೆ" ಎಂದು ಹೇಳಿಕೊಂಡರಂತೆ. ಮಗು ಎದ್ದಿತು, ಓಡಾಡಿತು, ಎಂ.ಎಸ್ಸಿ. ಮುಗಿಸಿತು. ಆದರೆ ಮನೆಯ ಬಡತನ, ಮೇಲಿಂದ ಮೇಲೆ ಬಾಣಂತನ, ಆಮೇಲೆ ಮೊಣಕಾಲಿನ ವಾತ, ಹೀಗೆ ಹರಕೆ ಉಳಿದೇಹೋಯಿತು. ಹೋದ ವರ್ಷ ಆಕೆ ತೀರಿಕೊಂಡರು. ಕಡೆಯ ದಿನಗಳಲ್ಲಿ ಮಗನನ್ನು ಬಾಯಿಬಿಟ್ಟು ಕೇಳಿದುದು ಇದೊಂದನ್ನೆ. ಅವನು "ನೋಡೋಣಮ್ಮ" ಎಂದನಂತೆ. "ಆಗಲಿ ಎನ್ನಬಹುದಾಗಿತ್ತು, ನೋಡೋಣ ಎಂದುಬಿಟ್ಟೆನಲ್ಲ!" ಎಂದು ಆ ಒಂದು ವರ್ಷದಲ್ಲಿ ನನ್ನೊಡನೆ ಮೂರು ಸಲ ಹೇಳಿದ. ನಾಲ್ಕನೆಯ ಸಲ ಹೇಳಿದಾಗ, "ಶನಿವಾರ ಹೊರಡೋಣ, ನಡಿ" ಎಂದೆ. ಆಕೆಯ ಅಡಿಗೆಮನೆಯಲ್ಲಿ ನಾನೂ ಊಟ ಮಾಡಿ ಬೆಳೆದವನು.

ಬೆಳಗಿನ ರೈಲಿನಲ್ಲಿ ಬೆಂಗಳೂರು ಬಿಟ್ಟೆವು. ಆ ದಾರಿಯನ್ನು ವರ್ಣಿಸುವ ಅಗತ್ಯವಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟುವಾಗ ಎಲ್ಲರಂತೆ ನಾವೂ ಕಿಟಕಿಗೆ ಮುಖವಿಟ್ಟೆವು. ಛತ್ರದಂಥ ಒಂದು ಹೋಟೆಲಿನಲ್ಲಿ ಚೀಲಗಳನ್ನಿಟ್ಟು, ಊಟ ಮುಗಿಸಿ, ಜಗನ್ಮೋಹನ ಅರಮನೆಗೆ ಹೋದೆವು. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಈ ಅರಮನೆಯಲ್ಲಿ ಚಿತ್ರಶಾಲೆಯಿದೆ. ರವಿವರ್ಮನ ಚಿತ್ರಗಳ ಮುಂದೆ ಜನರ ಗುಂಪು. ಆದರೆ ಮಿತ್ರನು ನಿಂತುದು ಹಲ್ದಣಕರರು ಬರೆದ ದೀಪದ ಹೆಂಗಸಿನ ಮುಂದೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆರಳುಗಳ ಸಂದಿನಿಂದ ಬೆಳಕು ಕೆಂಪಾಗಿ ತೂರಿಬರುತ್ತದೆ. ಬರಿಯ ಜಲವರ್ಣದಲ್ಲಿ ಇದು ಹೇಗೆ ಸಾಧ್ಯವಾಯಿತೋ! ಮಿತ್ರನು ಬಹಳ ಹೊತ್ತು ನೋಡಿ, ಏನೂ ಹೇಳದೆ ಹೊರಗೆ ಬಂದ.

ದೇವರಾಜ ಮಾರುಕಟ್ಟೆಗೆ ನಾವು ಹೋದುದು ಇಳಿಹೊತ್ತಿನಲ್ಲಿ. ಮೈಸೂರಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಸ್ಥಳ ಯಾವುದೆಂದು ಯಾರಾದರೂ ಕೇಳಿದರೆ ಅರಮನೆಯನ್ನಲ್ಲ, ಇದನ್ನೇ ಹೇಳುತ್ತೇನೆ. ಒಳಹೊಕ್ಕೊಡನೆಯೆ ಮಲ್ಲಿಗೆಯ ಕಂಪು. ಅದನ್ನು ಹಿಂದೆ ಹಾಕುವಂತೆ ಹಣ್ಣಾದ ನಂಜನಗೂಡು ರಸಬಾಳೆ. ಒದ್ದೆ ಗೋಣಿಯ ಮೇಲೆ ಜೋಡಿಸಿದ ಎಳೆಯ ವೀಳೆಯದೆಲೆ. ಬುಟ್ಟಿಗಳಲ್ಲಿ ಈರನಗೆರೆಯ ಬದನೆ. ಮಾರುವವರು ಕೂಗುವುದೂ ಇಲ್ಲಿ ಸ್ವಲ್ಪ ಮರ್ಯಾದೆಯಿಂದಲೇ. 2016ರಲ್ಲಿ ಇದರ ಒಂದು ಭಾಗ ಕುಸಿದುಬಿತ್ತು. ಹಳೆಯದನ್ನು ದುರಸ್ತು ಮಾಡಿ ಉಳಿಸಬೇಕೋ, ಕೆಡವಿ ಹೊಸದನ್ನು ಕಟ್ಟಬೇಕೋ ಎಂದು ದೊಡ್ಡ ವಾದವೇ ಎದ್ದಿತು. ನಾನು ಉಳಿಸಬೇಕೆನ್ನುವ ಪಕ್ಷದವನು.

ಕುಂಕುಮದ ಅಂಗಡಿಗಳಲ್ಲಿ ತಟ್ಟೆ ತಟ್ಟೆಯಲ್ಲಿಯೂ ಗೋಪುರದಂತೆ ಒಟ್ಟಿದ ಬಣ್ಣದ ರಾಶಿಗಳು. ಮಿತ್ರನು ಜೇಬಿನಿಂದ ಒಂದು ಚೀಟಿ ತೆಗೆದ. ಮೆಟ್ಟಿಲು ಸಾವಿರ, ಮೆಟ್ಟಿಲಿಗೆ ಅರ್ಧ ಗ್ರಾಂ, ಒಟ್ಟು ಅರ್ಧ ಕಿಲೋ. "ಸಾಲದು ಸ್ವಾಮಿ, ಗಾಳಿಗೆ ಹೋಗುತ್ತೆ, ಕೈಗೆ ಅಂಟುತ್ತೆ" ಎಂದು ಅಂಗಡಿಯವನು ಎಷ್ಟು ಹೇಳಿದರೂ ಕೇಳಲಿಲ್ಲ. ಲೆಕ್ಕ ಲೆಕ್ಕವೇ ಎಂದು ಅಷ್ಟನ್ನೇ ಕಟ್ಟಿಸಿಕೊಂಡ.

ಭಾನುವಾರ, ಇನ್ನೂ ನಸುಕಿರುವಾಗಲೆ, ಬೆಟ್ಟದ ಬುಡದಲ್ಲಿದ್ದೆವು. ಚಾಮುಂಡಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 3,489 ಅಡಿ. ಊರೇ 2,500 ಅಡಿಯಷ್ಟು ಎತ್ತರದಲ್ಲಿರುವುದರಿಂದ ಏರಬೇಕಾದುದು ಸಾವಿರ ಅಡಿಗೆ ತುಸು ಕಡಿಮೆ. ಮೆಟ್ಟಿಲುಗಳನ್ನು ಕಟ್ಟಿಸಿದವರು ಹದಿನೇಳನೆಯ ಶತಮಾನದ ದೊಡ್ಡ ದೇವರಾಜ ಒಡೆಯರು. ಸುಮ್ಮನೆ ಹತ್ತುವವರಿಗೆ ಒಂದು ಗಂಟೆಯೂ ಬೇಡ; ವ್ಯಾಯಾಮಕ್ಕೆಂದು ಬಂದ ಹುಡುಗರು ನಮ್ಮನ್ನು ಹಾದು ಓಡಿಯೇ ಹೋದರು. ಆದರೆ ಮೆಟ್ಟಿಲಿಗೊಮ್ಮೆ ಬಗ್ಗುವವನ ಪಾಡು ಬೇರೆ. ಅರಿಸಿನ ಹಚ್ಚಬೇಕು, ಅದರ ಮೇಲೆ ಕುಂಕುಮವಿಡಬೇಕು, ಏಳಬೇಕು, ಒಂದು ಹೆಜ್ಜೆ ಮೇಲಕ್ಕಿಡಬೇಕು, ಮತ್ತೆ ಬಗ್ಗಬೇಕು. ಮೊದಲ ಭಾಗವೇ ಹೆಚ್ಚು ಕಡಿದು. ತಾಯಿಯ ಮೊಣಕಾಲು ಮಗನಿಗೂ ಬಂದಿದೆಯೆಂಬುದು ಇನ್ನೂರನೆಯ ಮೆಟ್ಟಿಲಿಗೆಲ್ಲ ನನಗೆ ತಿಳಿದುಹೋಯಿತು. "ಸ್ವಲ್ಪ ನಾನು ಹಚ್ಚಲೇನಯ್ಯ?" ಎಂದರೆ, "ನೀನು ನೀರಿನ ಬಾಟಲಿ ಹಿಡಿ, ಸಾಕು" ಎಂದ. ಈ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು. ಕನ್ನಡಕ ಹಾಕಿದ, ನರೆಗೂದಲಿನ ಗಂಡಸೊಬ್ಬನು ಬಾಯಲ್ಲಿ ಮಂತ್ರವಿಲ್ಲದೆ ಅಂಕಿಗಳನ್ನೆಣಿಸುತ್ತ ಕುಂಕುಮ ಹಚ್ಚುವುದನ್ನು ಕೆಲವರು ನಿಂತು ನೋಡಿದರು. ಅವನು ತಲೆಯೆತ್ತಲಿಲ್ಲ.

ಆರುನೂರ ಹನ್ನೆರಡನೆಯ ಮೆಟ್ಟಿಲಿನಲ್ಲಿ ಕುಂಕುಮ ಮುಗಿಯಿತು.

ಅವನು ಪೊಟ್ಟಣವನ್ನು ಬಿಚ್ಚಿ, ಕೊಡವಿ, ಕಾಗದದ ಮಡಿಕೆಯಲ್ಲಿ ಉಳಿದುದನ್ನು ಬೆರಳಿನಿಂದ ಕೆರೆದ. ಅಂಗಡಿಯವನ ಮಾತನ್ನು ನಾನೂ ನೆನೆಯಲಿಲ್ಲ, ಅವನೂ ನೆನೆಯಲಿಲ್ಲ. ಸುಮ್ಮನೆ ನಂದಿಯವರೆಗೆ ಹತ್ತಿ, ಅದರ ನೆರಳಿನಲ್ಲಿ ಕುಳಿತೆವು. ದಾರಿಯ ಮುಕ್ಕಾಲು ಪಾಲಿಗೆ ಸಿಕ್ಕುವ ಈ ನಂದಿ ಏಕಶಿಲೆಯದು. ಎತ್ತರ ಹದಿನೈದು ಅಡಿಗೆ ಕಡಿಮೆಯಿಲ್ಲ. ಕೊರಳ ಗಂಟೆಗಳ ಸರವನ್ನು ಶಿಲ್ಪಿ ಎಷ್ಟು ಜೀವಂತವಾಗಿ ಕಡೆದಿದ್ದಾನೆಂದರೆ, ಬಸವ ತಲೆಯಾಡಿಸಿದರೆ ದನಿ ಕೇಳಿಸೀತೆಂದು ತೋರುತ್ತದೆ. ಆ ಹೊತ್ತಿನಲ್ಲಿ ಮಿತ್ರನಿಗೆ ಶಿಲ್ಪ ಬೇಕಾಗಿರಲಿಲ್ಲ. "ಇಳಿದು ಹೋಗಿ ತರುತ್ತೇನೆ" ಎಂದು ಎದ್ದ, ಮೊಣಕಾಲು ಒಪ್ಪಲಿಲ್ಲ, ಮತ್ತೆ ಕುಳಿತ.

ಪಕ್ಕದಲ್ಲಿ ಒಬ್ಬ ಮುದುಕಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು; ಅವಳ ಕೈಯೂ ಕೆಂಪು. ಮೊಮ್ಮಗಳ ಹೆರಿಗೆ ಸುಸೂತ್ರವಾಯಿತೆಂದು ಹರಕೆ ತೀರಿಸಲು ಬಂದವಳು. ನಮ್ಮ ಖಾಲಿ ಪೊಟ್ಟಣವನ್ನು ನೋಡಿ, "ಯಾರ ಹರಕೆ ನನ್ನಪ್ಪ?" ಎಂದಳು.

"ನಮ್ಮ ತಾಯಿಯದು."

"ಅವ್ವ ಬರನಿಲ್ವಾ?"

"ಇಲ್ಲ. ಹೋದ ವರ್ಷ ಹೋದರು."

ಮುದುಕಿ ಮತ್ತೇನೂ ಕೇಳಲಿಲ್ಲ. ತನ್ನ ಕುಂಕುಮದ ಪೊಟ್ಟಣವನ್ನು ಮಡಿಲ ಮೇಲೆ ಬಿಚ್ಚಿ, ಅರ್ಧವನ್ನು ನಮ್ಮ ಕಾಗದಕ್ಕೆ ಸುರಿದಳು. ಮಿತ್ರನು ಗಾಬರಿಯಿಂದ, "ನಿಮಗೆ ಸಾಲುವುದಿಲ್ಲವಲ್ಲ ತಾಯಿ" ಎಂದ. "ತೆಳ್ಳಗೆ ಹಚ್ಚು, ನಾನೂ ತೆಳ್ಳಗೆ ಹಚ್ತೀನಿ. ಅವ್ವ ಏನು ಅಳತೆ ನೋಡ್ತಾಳಾ?" ಎಂದು ನಕ್ಕಳು. ಬೆಟ್ಟದ ಮೇಲಿನ ತಾಯಿಯನ್ನು ಹೇಳಿದಳೋ, ಅವನ ತಾಯಿಯನ್ನೋ, ನಾನು ಕೇಳಲಿಲ್ಲ.

ಮಿತ್ರನು ಅವಳೊಡನೆ ಕೆಳಗಿಳಿದು, ಬಿಟ್ಟುಹೋಗಿದ್ದ ಮೆಟ್ಟಿಲುಗಳನ್ನು ಮುಗಿಸಿ ಬಂದ. ಅಲ್ಲಿಂದ ಮುಂದೆ ಇಬ್ಬರೂ ಅಕ್ಕಪಕ್ಕದಲ್ಲಿ ಬಗ್ಗುತ್ತ ಏಳುತ್ತ ಹತ್ತಿದರು. ಅವಳು ಮೊಮ್ಮಗಳ ಕಥೆ ಹೇಳಿದಳು; ಇವನು ತಾಯಿಯ ಕಥೆ ಹೇಳಿದ. ನನಗೂ ಹೇಳದ ಎರಡು ಮೂರು ಸಂಗತಿಗಳು ಅದರಲ್ಲಿದ್ದುವು. ಲೆಕ್ಕ ಎಲ್ಲಿ ತಪ್ಪಿತೋ ತಿಳಿಯದು. ಮೆಟ್ಟಿಲು ಸಾವಿರ ಎನ್ನುವವರುಂಟು, ಸಾವಿರದ ಎಂಟು ಎನ್ನುವವರುಂಟು, ಇನ್ನೂ ಹೆಚ್ಚೆಂದು ವಾದಿಸುವವರೂ ಉಂಟು. ನಮ್ಮಿಂದ ಆ ವಿವಾದ ಬಗೆಹರಿಯಲಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ಮಿತ್ರನು ಕಾಗದವನ್ನು ನನ್ನತ್ತ ಚಾಚಿ, "ಇದನ್ನು ನೀನು ಹಚ್ಚು. ನಿನಗೂ ಅನ್ನ ಹಾಕಿದ್ದಾಳೆ" ಎಂದ. ಹಚ್ಚಿದೆ.

1827ರಲ್ಲಿ ಮುಮ್ಮಡಿಯವರು ಎತ್ತಿಸಿದ ಏಳು ಅಂತಸ್ತಿನ ಗೋಪುರದ ಬಳಿ ಭಾನುವಾರದ ಸಾಲು ಹಾವಿನಂತೆ ಸುತ್ತಿತ್ತು. ಮುದುಕಿ ಸಾಲಿಗೆ ಸೇರಿದಳು. ಮಿತ್ರನು ಒಳಗೆ ಬರಲಾರನೆಂದುಕೊಂಡಿದ್ದೆ. ಅವನೂ ಅವಳ ಹಿಂದೆಯೇ ನಿಂತ. ಅದರ ಬಗೆಗೆ ನಾನು ಈವರೆಗೂ ಅವನನ್ನು ಕೆಣಕಿಲ್ಲ. ದರ್ಶನವಾದ ಮೇಲೆ ಅಂಚಿಗೆ ಬಂದು ಊರನ್ನು ನೋಡಿದೆವು: ಬೆಳ್ಳನೆಯ ಲಲಿತಮಹಲು, ಕಾರಂಜಿಕೆರೆ, ಅತ್ತ ಕುಕ್ಕರಹಳ್ಳಿಯ ನೀರು, ಇಗರ್ಜಿಯ ಜೋಡಿ ಶಿಖರಗಳು, ನಡುವೆ ಅರಮನೆ. ಇಳಿಯುವುದಕ್ಕೆ ಬಸ್ಸನ್ನೇ ಹಿಡಿದೆವೆಂದು ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ.

ಹೋಟೆಲಿನಲ್ಲಿ ಮಿತ್ರನು ಕೈ ತೊಳೆಯದೆ ಚಮಚದಿಂದ ಅನ್ನ ಉಂಡ. ಸಂಜೆ ಅರಮನೆಯ ಮುಂದೆ ನಿಂತೆವು. ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಬೆಂಕಿಗೆ ಆಹುತಿಯಾಯಿತು. ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಎದ್ದ ಇಂದಿನದು ಮುಗಿದುದು 1912ರಲ್ಲಿ. ಒಮ್ಮೆಲೇ ಸುಮಾರು ಒಂದು ಲಕ್ಷ ದೀಪಗಳು ಹೊತ್ತಿಕೊಂಡುವು. ಜನರೆಲ್ಲ "ಆಹಾ" ಎಂದರು. ಮಿತ್ರನು ಆ ಬೆಳಕಿನಲ್ಲಿ ತನ್ನ ಕೆಂಪು ಬೆರಳುಗಳನ್ನು ಒಮ್ಮೆ ನೋಡಿಕೊಂಡು, ಹಾಸನದಲ್ಲಿರುವ ತನ್ನ ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ಅಮ್ಮನ ಕೆಲಸ ಆಯಿತು" ಎಂದ.

ಆಕೆ ಏನೆಂದರೋ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಅವನು ಬಹಳ ಹೊತ್ತು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದ. ದೀಪಗಳು ಆರಿದ ಮೇಲೆ ನಾವು ರೈಲಿಗೆ ಹೊರಟೆವು.