ಅವ್ವನ ಪದಗಳೂ ನಮ್ಮ ಲ್ಯಾಪ್‌ಟಾಪೂ

ನಾಚಾರಂನಲ್ಲಿ ಇಪ್ಪತ್ತೆಂಟು ವರ್ಷ ಕಳೆದಿರುವ ನಮ್ಮನ್ನು "ನಿಮ್ಮ ಬಡಾವಣೆಯಲ್ಲಿ ಸಿಕ್ಕದ ಪದಾರ್ಥ ಯಾವುದು?" ಎಂದು ಯಾರಾದರೂ ಕೇಳಿದರೆ, "ನಿಶ್ಶಬ್ದ" ಎಂದು ಥಟ್ಟನೆ ಹೇಳಿಬಿಡುತ್ತೇವೆ. ಕೈಗಾರಿಕಾ ಪ್ರದೇಶದ ಲಾರಿಗಳು, ನೀರಿನ ಟ್ಯಾಂಕರು, ಮೊದಲೇ ಮುದ್ರಿಸಿಕೊಂಡ ತನ್ನ ಕೂಗನ್ನು ಧ್ವನಿವರ್ಧಕದಲ್ಲಿ ಹಾಕಿಕೊಂಡು ಬರುವ ತರಕಾರಿ ಗಾಡಿ, ಪಕ್ಕದ ಮನೆಯ ಕುಕ್ಕರು, ಇಷ್ಟೂ ಸೇರಿದರೆ ನಮ್ಮ ಬೀದಿ. ಇಂಥ ನಾಚಾರಂನಲ್ಲಿಯೇ 1976ರಲ್ಲಿ ಎನ್.ಟಿ. ರಾಮರಾಯರು ರಾಮಕೃಷ್ಣ ಸಿನಿ ಸ್ಟುಡಿಯೋ ಕಟ್ಟಿಸಿದ್ದರೆಂಬುದು ಹಿರಿಯ ಓದುಗರಿಗೆ ನೆನಪಿರಬಹುದು. ಈಚೆಗೆ ನಾವೂ ಇಲ್ಲಿ ಒಂದು ಸ್ಟುಡಿಯೋ ನಡೆಸಿದೆವು. ಅದರ ವಿಸ್ತೀರ್ಣ ಹತ್ತಡಿಗೆ ಹತ್ತಡಿ, ಕಲಾವಿದೆ ಒಬ್ಬರೇ, ಆಯುಷ್ಯ ಐದೇ ದಿನ. ಆ ಕಥೆಯನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಕೊನೆಯಲ್ಲಿ ಓದುಗರಿಗೇ ತಿಳಿಯುತ್ತದೆ.

ಕಲಾವಿದೆಯೆಂದರೆ ನಮ್ಮವ್ವ. ನಮ್ಮಿಬ್ಬರಲ್ಲಿ ಒಬ್ಬರಿಗೆ ಹೆತ್ತ ತಾಯಿ, ಇನ್ನೊಬ್ಬರಿಗೆ ಅತ್ತೆ; ಕರೆಯುವುದು ಮಾತ್ರ ಇಬ್ಬರೂ ಅವ್ವ ಎಂದೇ. ಊರು ಸೇಡಂ ಹತ್ತಿರದ ಹಳ್ಳಿ. ಆಕೆ ಹುಟ್ಟಿದಾಗ ಗುಲಬರ್ಗಾ, ಬೀದರ, ರಾಯಚೂರುಗಳೆಲ್ಲ ಹೈದರಾಬಾದಿನ ಆಡಳಿತಕ್ಕೇ ಸೇರಿದ್ದವು. 1956ರ ನವೆಂಬರ್ 1ರಂದು ಗಡಿ ಬದಲಾಯಿತು. ಅವ್ವನಿಗೆ ಈಗ ಎಪ್ಪತ್ತೆಂಟು. ಅಕ್ಷರ ಬಾರದು. ಆದರೆ ಬೀಸುವ ಪದ, ಸೋಬಾನದ ಪದ, ತೊಟ್ಟಿಲ ಪದ ಎಲ್ಲವೂ ಬಾಯಲ್ಲಿ.

1989ರಲ್ಲಿ ನಾವು ಟೇಪ್ ರೆಕಾರ್ಡರಿನಲ್ಲಿ ಆಕೆಯ ಪದಗಳನ್ನು ಮುದ್ರಿಸಿಕೊಂಡಿದ್ದೆವು. ಒಂದೇ ಕ್ಯಾಸೆಟ್. ಅದನ್ನು ಅಟ್ಟದ ಮೇಲಿಟ್ಟು ಮರೆತೆವು. ಕಳೆದ ವರ್ಷ ತೆಗೆದು ನೋಡಿದರೆ ಬೂಷ್ಟು ಹಿಡಿದ ರೀಲು. ಹಾಕಿದೊಡನೆ ಯಂತ್ರದ ಹಲ್ಲಿಗೆ ಸಿಕ್ಕಿ ಹರಿಯಿತು. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ಟನ್ನು ಜಗತ್ತಿಗೆ ಕೊಟ್ಟಾಗ ಅದನ್ನು ಅಟ್ಟದ ಮೇಲೆ ಇಡಿರೆಂದು ಹೇಳಿರಲಿಲ್ಲವಷ್ಟೆ. ತಪ್ಪು ನಮ್ಮದು.

ಅಷ್ಟರಲ್ಲಿ ಅವ್ವನ ಕೊರಳಿನ ಗಂಟು ಬೆಳೆಯಿತು. ಥೈರಾಯ್ಡ್ ಎಂದರು, ಶಸ್ತ್ರಕ್ರಿಯೆ ಆಗಲೇಬೇಕೆಂದರು. ಆ ಗ್ರಂಥಿಯ ಹಿಂದೆಯೇ ಧ್ವನಿಪೆಟ್ಟಿಗೆಗೆ ಹೋಗುವ ಸಣ್ಣ ನರವೊಂದಿದೆ, ಎಷ್ಟು ಎಚ್ಚರ ವಹಿಸಿದರೂ ಕೆಲವರಲ್ಲಿ ಧ್ವನಿ ಬದಲಾಗಬಹುದು ಎಂದು ವೈದ್ಯರು ಮೊದಲೇ ತಿಳಿಸಿದರು. ದಿನ ಗೊತ್ತಾಯಿತು. ನಡುವೆ ಉಳಿದದ್ದು ಇಪ್ಪತ್ತೊಂದು ದಿನ.

ಅವ್ವ ಗಾಬರಿಯಾಗಲಿಲ್ಲ. ಎರಡು ಬಟ್ಟಲು ಕೇಳಿದಳು. ಒಂದೊಂದು ಪದ ನೆನಪಾದ ಹಾಗೆ ಒಂದೊಂದು ತೊಗರಿ ಕಾಳನ್ನು ಮೊದಲನೆಯ ಬಟ್ಟಲಿಗೆ ಹಾಕುತ್ತ ಹೋದಳು. ಎರಡು ದಿನದ ನಂತರ ಎಣಿಸಿದರೆ ನಲವತ್ತೊಂದು ಕಾಳು. "ಹಾಡಿದ್ದು ಈಚಿ ಬಟ್ಟಲಿಗಿ ಹಾಕಮು. ನೀವು ನಿಮ್ಮ ಮಷೀನು ತರ್ರಿ" ಎಂದಳು.

ಮಷೀನು ತರುವ ಕೆಲಸದಲ್ಲಿ ನಮ್ಮ ಪಾಂಡಿತ್ಯ ಪ್ರಕಟವಾಯಿತು. ಈ ಸಲ ಕ್ಯಾಸೆಟ್ಟಿನ ಗತಿ ಆಗಕೂಡದು, ಒಳ್ಳೆಯ ಲ್ಯಾಪ್‌ಟಾಪನ್ನೇ ಕೊಳ್ಳಬೇಕೆಂದು ನಿಶ್ಚಯಿಸಿದೆವು. ಹಬ್ಸಿಗುಡದಿಂದ ಸಿಕಂದರಾಬಾದಿನ ಪಾರ್ಕ್‌ಲೇನಿಗೆ, ಅಲ್ಲಿಯ ಚೆನಾಯ್ ಟ್ರೇಡ್ ಸೆಂಟರಿನ ಮಹಡಿಗಳಿಗೆ ನಾಲ್ಕು ಸಲ ಹೋದೆವು. ಪುಣೆಯ ಮಗ ಫೋನಿನಲ್ಲಿ ಒಂದು ಹೇಳಿದ, ಮೇಲಿನ ಮಹಡಿಯ ಕೀಬೋರ್ಡ್ ನುಡಿಸುವ ತೆಲುಗು ಹುಡುಗ ಇನ್ನೊಂದು ಹೇಳಿದ, ಅಂಗಡಿಯವರು ಇವೆರಡನ್ನೂ ಬಿಟ್ಟು ಮೂರನೆಯದನ್ನು ತೋರಿಸಿದರು. ಎಂಟು ಜಿಬಿ ರ್‍ಯಾಮ್ ಸಾಕೇ, ಹದಿನಾರು ಬೇಕೇ? ಎಷ್ಟು ಕೋರಿನ ಪ್ರೊಸೆಸರು? ನೋಟ್‌ಪುಸ್ತಕದಲ್ಲಿ ಕೋಷ್ಟಕ ಹಾಕಿದೆವು. ಒಂದು ಜಾತಕ ಕೂಡಿದರೆ ಇನ್ನೊಂದು ಕೂಡದು. ಹೀಗೆ ಹದಿನಾಲ್ಕು ದಿನ ಹೋದವು. ಅವ್ವ ಪ್ರತಿ ಸಂಜೆ ಕೇಳುವಳು, "ಬಂತೇನ್ರಿ?" ನಾವು, "ನಾಳಿ, ಅವ್ವ" ಎನ್ನುವೆವು.

ಕೊನೆಗೆ ಒಂದು ಅಂಗಡಿಯವರು, "ಎಲ್ಲಕ್ಕಿಂತ ಶಕ್ತಿಶಾಲಿ ಇದೇ" ಎಂದು ಆಟದ ಹುಡುಗರು ಕೊಳ್ಳುವ ಜಾತಿಯ ದೊಡ್ಡ ಲ್ಯಾಪ್‌ಟಾಪೊಂದನ್ನು 72,000 ರೂಪಾಯಿಗೆ ನಮ್ಮ ಕೈಗಿತ್ತರು. ಜೊತೆಗೆ ಯುಎಸ್‌ಬಿಗೆ ಜೋಡಿಸುವ ಸಣ್ಣ ಆಡಿಯೋ ಪೆಟ್ಟಿಗೆ, ಒಂದು ಕಂಡೆನ್ಸರ್ ಮೈಕು, ಕಿವಿಗೆ ಹಾಕುವ ಹೆಡ್‌ಫೋನು. ಮನೆಗೆ ತಂದು, ದೀಪ ಹಚ್ಚಿ, ಗುಂಡಿ ಒತ್ತಿದೆವು. ಹತ್ತು ನಿಮಿಷಕ್ಕೆ ಅದರ ಎರಡು ಫ್ಯಾನುಗಳು ಏರುಸ್ವರದಲ್ಲಿ ಹಾಡತೊಡಗಿದವು. ಅವ್ವ ಕಿವಿಗೊಟ್ಟು ಕೇಳಿ, "ಇದು ಹಿಟ್ಟಿನ ಗಿರಣಿ ಏನು?" ಎಂದಳು.

ಆಕೆ ಕೇಳಿದ್ದು ಸರಿಯಾಗಿತ್ತು. ಶಕ್ತಿ ಹೆಚ್ಚಿದಷ್ಟೂ ಚಿಪ್ಪಿನ ಕಾವು ಹೆಚ್ಚು. ಕಾವು ಹೊರಹಾಕಲು ಫ್ಯಾನು ಬೇಕು. ಫ್ಯಾನಿನ ಸದ್ದು ಒಳ್ಳೆಯ ಮೈಕಿಗೆ ಕೇಳದೆ ಇರುವುದಿಲ್ಲ. ಧ್ವನಿ ಮುದ್ರಿಸುವವರು ಯಂತ್ರ ಕೊಳ್ಳುವಾಗ ಮೊದಲು ಪರೀಕ್ಷಿಸಬೇಕಾದದ್ದು ಅದರ ವೇಗವನ್ನಲ್ಲ, ಮೌನವನ್ನು. 2020ರಲ್ಲಿ ಆಪಲ್ ಕಂಪನಿಯವರು ತಮ್ಮದೇ ಎಂ1 ಚಿಪ್ಪು ಹಾಕಿ ತಂದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲವೆಂಬುದು ನಮಗೆ ಆಮೇಲೆ ತಿಳಿಯಿತು. ಇನ್ನು ಒಬ್ಬರು ಹಾಡುವುದನ್ನು ಮುದ್ರಿಸುವುದಕ್ಕೆ ಎಷ್ಟು ಶಕ್ತಿ ಬೇಕು? ಸೆಕೆಂಡಿಗೆ 48,000 ಮಾದರಿಯಂತೆ, ಪ್ರತಿ ಮಾದರಿಗೆ 24 ಬಿಟ್‌ನಂತೆ ಲೆಕ್ಕ ಹಾಕಿದರೆ ಒಂದು ಗಂಟೆಯ ಹಾಡಿಗೆ ಸುಮಾರು 520 ಎಂಬಿ ಜಾಗ. ಹತ್ತು ವರ್ಷದ ಹಳೆಯ ಯಂತ್ರವೂ ಇದನ್ನು ಹೊತ್ತೀತು. ನಲವತ್ತು ವಾದ್ಯಗಳನ್ನು ಒಟ್ಟಿಗೆ ಕೂಡಿಸಿ ಸಂಗೀತ ನಿರ್ದೇಶನ ಮಾಡುವವರಿಗೆ ಹದಿನಾರು ಜಿಬಿ ರ್‍ಯಾಮು, ವೇಗದ ಪ್ರೊಸೆಸರು, ಎಸ್‌ಎಸ್‌ಡಿ ಎಲ್ಲವೂ ಬೇಕು, ನಿಜ. ನಮ್ಮ ಅವ್ವನಿಗೆ ವಾದ್ಯವೇ ಇಲ್ಲ.

ಹಿಂದಿರುಗಿಸಲು ಹೋದರೆ ಅಂಗಡಿಯವರು ಒಪ್ಪಲಿಲ್ಲ. ಆ ರಾತ್ರಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡಿದೆವು. ಮರುದಿನ ಮೇಲಿನ ಮಹಡಿಯ ಹುಡುಗನೇ ದಾರಿ ತೋರಿಸಿದ. ಲ್ಯಾಪ್‌ಟಾಪು ಹಾಡುವವರ ಕೋಣೆಯಲ್ಲಿ ಯಾಕಿರಬೇಕು? ಹತ್ತು ಮೀಟರಿನ ಮೈಕ್ ಕೇಬಲ್ ತಂದು ಅದನ್ನು ಅಡಿಗೆಮನೆಗೆ ಗಡೀಪಾರು ಮಾಡಿ ಎಂದ. ಆ ಕೇಬಲಿನೊಳಗೆ ಒಂದೇ ಧ್ವನಿ ಎರಡು ತಂತಿಗಳಲ್ಲಿ ಒಂದಕ್ಕೊಂದು ತಲೆಕೆಳಗಾಗಿ ಹೋಗುತ್ತದೆ. ದಾರಿಯಲ್ಲಿ ಸೇರಿಕೊಂಡ ಕರೆಂಟಿನ ಗುಂಯ್‌ಗುಡುವಿಕೆ ಎರಡರಲ್ಲೂ ಒಂದೇ ಸಮನಾಗಿರುವುದರಿಂದ ಆಚೆ ತುದಿಯಲ್ಲಿ ಪರಸ್ಪರ ಕಳೆದುಹೋಗುತ್ತದೆ. ಎಷ್ಟು ಸರಳ ಉಪಾಯ! ಕೇಬಲಿನ ಬೆಲೆ 900 ರೂಪಾಯಿ. ಎಪ್ಪತ್ತೆರಡು ಸಾವಿರ ಮಾಡದ ಕೆಲಸವನ್ನು ಒಂಬೈನೂರು ಮಾಡಿತು.

ಗೋಡೆಗಳಿಂದ ಧ್ವನಿ ಮರುದನಿಸುತ್ತಿತ್ತು. ಅದಕ್ಕೆ ಅಂಗಡಿಯಲ್ಲಿ ಸ್ಪಂಜಿನ ಹಾಳೆ ಮಾರುತ್ತಾರೆ. ನಾವು ಅವ್ವನೇ ಹೊಲಿದ ನಾಲ್ಕು ಕೌದಿಗಳನ್ನು ಹಗ್ಗ ಕಟ್ಟಿ ಮೂರು ಕಡೆ ತೂಗುಹಾಕಿದೆವು. ಹಳೆಯ ಸೀರೆ, ಧೋತರಗಳ ಪದರ ಪದರವಾದ ಕೌದಿ ಧ್ವನಿಯನ್ನು ಹೀರಿದಷ್ಟು ಬೇರೆ ಯಾವುದೂ ಹೀರಲಾರದೆಂದು ಈಗ ನಾವು ಯಾರಿಗೆ ಬೇಕಾದರೂ ಹೇಳಬಲ್ಲೆವು. ಚಾರ್ಜರು ಹಾಕಿದರೆ ಬರುವ ಸಣ್ಣ ಗುಂಯ್ಯನ್ನು ತೆಗೆಯಲು ಮುದ್ರಣದ ಹೊತ್ತಿಗೆ ಬ್ಯಾಟರಿಯ ಮೇಲೆಯೇ ಓಡಿಸಿದೆವು. 2000ದಲ್ಲಿ ಹೊರಬಂದ ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆಯಾಗಿಯೇ ಸಿಕ್ಕಿತು.

ಮೊದಲ ದಿನ ಅವ್ವನಿಗೆ ಹೆಡ್‌ಫೋನು ಹಾಕಿದೆವು. ಎರಡು ಸಾಲು ಹಾಡಿ ನಿಂತಳು. "ನನ್ನ ಧ್ವನಿ ನನ್ನ ಬೆನ್ನ ಹತ್ತಿ ಬರಲಕತ್ತದ" ಎಂದಳು. ಅದೂ ನಿಜ. ಕಂಪ್ಯೂಟರು ಧ್ವನಿಯನ್ನು ಹನಿಹನಿಯಾಗಿ ಅಲ್ಲ, ತಂಬಿಗೆ ತಂಬಿಗೆಯಾಗಿ ತುಂಬಿಕೊಂಡು ಸಾಗಿಸುತ್ತದೆ. ತಂಬಿಗೆ 1,024 ಮಾದರಿಯಷ್ಟು ದೊಡ್ಡದಾದರೆ ತುಂಬಲು 21 ಮಿಲಿಸೆಕೆಂಡು, ಹೋಗಿ ಬರುವಷ್ಟರಲ್ಲಿ ಅದರ ಇಮ್ಮಡಿ. 128ರಷ್ಟು ಚಿಕ್ಕದು ಮಾಡಿದರೆ ಮೂರು ಮಿಲಿಸೆಕೆಂಡಿಗೂ ಕಡಿಮೆ. ಆದರೆ ಆಗ ಪ್ರೊಸೆಸರು ಬಿಡುವಿಲ್ಲದೆ ದುಡಿಯಬೇಕು, ಸೋತರೆ ಹಾಡಿನಲ್ಲಿ ಚಟಚಟ ಸದ್ದು. ಯಂತ್ರದ ವೇಗ ಪ್ರಯೋಜನಕ್ಕೆ ಬರುವ ಜಾಗ ಇದು. ನಾವು ತಂಬಿಗೆಯ ಗೊಡವೆಗೇ ಹೋಗದೆ ಹೆಡ್‌ಫೋನು ತೆಗೆದುಬಿಟ್ಟೆವು.

ಆದರೂ ಪದ ಬರಲೊಲ್ಲದು. ಅವ್ವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. "ಕೈ ಸುಮ್ಮ ಇದ್ರ ಬೀಸೋ ಪದ ಹ್ಯಾಂಗ ಬರ್ತದ?" ನಾಚಾರಂನಲ್ಲಿ ಬೀಸುವ ಕಲ್ಲನ್ನು ಎಲ್ಲಿಂದ ತರೋಣ? ಮಡಿಸಿದ ಕಂಬಳಿಯ ಮೇಲೆ ತಾಟೊಂದನ್ನು ಮಗುಚಿಟ್ಟು, ಮೇಲೊಂದು ಬಟ್ಟೆ ಹಾಕಿ ಕೊಟ್ಟೆವು. ಅದರ ಮೇಲೆ ಬಲಗೈ ಗರಗರ ತಿರುಗತೊಡಗಿದ್ದೇ ತಡ, ಐವತ್ತು ವರ್ಷದ ಹಿಂದಿನ ಪದ ಕೊರಳಿಗೆ ಬಂತು.

ಸಮಯವನ್ನೂ ಅವ್ವನೇ ಗೊತ್ತುಮಾಡಿದಳು. ಬೀಸುವ ಪದದ ವೇಳೆ ಬೆಳಗಿನ ಜಾವ. ನಾಲ್ಕು ಗಂಟೆಗೆ ಎದ್ದೆವು. ಆಶ್ಚರ್ಯವೆಂದರೆ ಲಾರಿಯಿಲ್ಲ, ಟ್ಯಾಂಕರಿಲ್ಲ, ಕುಕ್ಕರಿಲ್ಲ. ಇಪ್ಪತ್ತೆಂಟು ವರ್ಷ ನಾಚಾರಂನಲ್ಲಿ ನಿಶ್ಶಬ್ದವಿಲ್ಲವೆಂದು ದೂರುತ್ತಿದ್ದ ನಾವು ಅಷ್ಟೂ ವರ್ಷ ಆ ಹೊತ್ತಿನಲ್ಲಿ ನಿದ್ದೆ ಹೊಡೆಯುತ್ತಿದ್ದೆವು.

ಐದು ದಿನ ಹಾಡಿದಳು. ದಣಿವಾದರೆ ಬಿಸಿನೀರು ಕುಡಿದು ಮತ್ತೆ ಹಾಡಿದಳು. ಪ್ರತಿ ಪದ ಮುಗಿದೊಡನೆ ಒಂದು ಕಾಳು ಆಚೆಯ ಬಟ್ಟಲಿಂದ ಈಚೆಗೆ. ಕೊನೆಯ ದಿನ ನಾವು, "ಅವ್ವ, ನಿನ್ನ ಹೆಸರು, ಊರು ಹೇಳು" ಎಂದೆವು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಿದ್ದಳು; ತಟ್ಟೆಗಳನ್ನು ಅಚ್ಚುಹಾಕುತ್ತಿದ್ದ ಜರ್ಮನಿಯ ಹ್ಯಾನೋವರಿನವರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂದು. ಆ ಗೌಹರ್ ಜಾನ್ ಕಡೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ನಮ್ಮವ್ವ ತನ್ನ ಹೆಸರನ್ನೂ ಊರನ್ನೂ ಹೇಳಿ, ಕೇಳದೆ ಇದ್ದರೂ ಒಡಪು ಕಟ್ಟಿ ಅಪ್ಪನ ಹೆಸರನ್ನೂ ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗುವೂ ಮುದ್ರಣವಾಗಿದೆ. ಅಳಿಸಿಲ್ಲ.

ಮರುದಿನ ಆಸ್ಪತ್ರೆಗೆ ಹೊರಡುವ ಮುಂಚೆ ಬಟ್ಟಲು ನೋಡಿದೆವು. ಈಚೆಯದರಲ್ಲಿ ಇಪ್ಪತ್ತಾರು ಕಾಳು. ಆಚೆಯದರಲ್ಲಿ ಹದಿನೈದು.

ಶಸ್ತ್ರಕ್ರಿಯೆ ಸುಸೂತ್ರವಾಯಿತು. ಅವ್ವ ಈಗ ಆರೋಗ್ಯವಾಗಿದ್ದಾಳೆ. ಮಾತೂ ಚೆನ್ನಾಗಿಯೇ ಇದೆ. ಆದರೆ ಏರುಧಾಟಿಗೆ ಹೋದೊಡನೆ ಧ್ವನಿ ಒಡೆಯುತ್ತದೆ. ಏಳು ತಿಂಗಳಾಯಿತು, ಇನ್ನೂ ಹಾಗೆಯೇ. ಮುದ್ರಿಸಿದ್ದನ್ನು ಹಾಕಿ ಕೇಳಿಸಿದೆವು. ಬಹಳ ಹೊತ್ತು ಕೇಳಿ, "ಯಾರ ಈಕಿ? ಛಲೋ ಹಾಡ್ತಾಳ" ಎಂದಳು.

ಉಳಿದ ಹದಿನೈದು ಪದಗಳ ಮಾತನ್ನು ಅವ್ವ ಹೇಳುತ್ತಾಳೆ, ನಾವು ಬರೆದುಕೊಳ್ಳುತ್ತಿದ್ದೇವೆ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದಾಗ ಅವರ ಕೈಯಲ್ಲಿದ್ದದ್ದು ಲೇಖನಿ ಮಾತ್ರ. ಮಾತು ಉಳಿಯಿತು, ಹಾಡಿದ ಗರತಿಯರ ಧ್ವನಿ ಅವರ ಜೊತೆಗೇ ಹೋಯಿತು. ಅವರಿಗೆ ಬೇರೆ ಸಾಧನವಿರಲಿಲ್ಲ. ನಮ್ಮ ಜೇಬಿನಲ್ಲಿ ಆ ಹದಿನಾಲ್ಕು ದಿನವೂ ಫೋನಿತ್ತು. ನೋಟ್‌ಪುಸ್ತಕದಲ್ಲಿ ಕೋಷ್ಟಕ ಹಾಕುವ ಬದಲು ಒಂದು ಕೌದಿಯ ಮರೆಯಲ್ಲಿ ಅದನ್ನು ಅವ್ವನ ಮುಂದೆ ಇಟ್ಟಿದ್ದರೆ ನಲವತ್ತೊಂದೂ ಕಾಳು ಈಚೆಗೆ ಬರುತ್ತಿದ್ದವು. ಸ್ವಲ್ಪ ಗುಂಯ್‌ಗುಡುತ್ತಿತ್ತು, ಅಷ್ಟೆ.

ಆದ್ದರಿಂದ ಲ್ಯಾಪ್‌ಟಾಪು ಕೊಳ್ಳುವ ಓದುಗರಿಗೆ ನಮ್ಮ ಸಲಹೆ ಇಷ್ಟು: ಫ್ಯಾನಿನ ಸದ್ದು ಕೇಳಿ ನೋಡಿ, ಮೈಕಿಗೆ ಹೆಚ್ಚು ಹಣ ಹಾಕಿ, ಉದ್ದನೆಯ ಕೇಬಲ್ ತನ್ನಿ, ಮುದ್ರಿಸಿದ್ದನ್ನು ಎರಡು ಕಡೆ ಪ್ರತಿಮಾಡಿಡಿ, ಒಂದನ್ನು ಬೇರೆ ಮನೆಯಲ್ಲಿಡಿ. ಆದರೆ ಕೊಳ್ಳುವ ಮೊದಲು, ಮನೆಯಲ್ಲಿ ಹಾಡುವ ಹಿರಿಯರಿದ್ದರೆ, ಇಂದೇ ಫೋನಿನಲ್ಲಿ ಒಂದು ಪದ ಹಿಡಿದಿಡಿ. ಒಳ್ಳೆಯ ಯಂತ್ರ ಬಂದ ಮೇಲೆ ಅದನ್ನೇ ಇನ್ನೊಮ್ಮೆ ಹಾಡಿಸಿಕೊಳ್ಳಬಹುದು.

ಆ ಹದಿನೈದು ತೊಗರಿ ಕಾಳುಗಳು ನಮ್ಮ ದೇವರ ಗೂಡಿನಲ್ಲಿ ಬಟ್ಟಲಲ್ಲೇ ಇವೆ. ಅವ್ವ, "ಸಾರಿಗಿ ಹಾಕ್ರಿ, ಹುಳ ಹತ್ತತಾವ" ಎನ್ನುತ್ತಾಳೆ. ನಾವು ಇನ್ನೂ ಹಾಕಿಲ್ಲ.