ಗುರಿ ಹಿಡಿಯುವ ಮೈ

ಏರ್‌ಗನ್ ಎಂದರೆ ನಮ್ಮ ಹಾಸನ ಸೀಮೆಯವರಿಗೆ ಮೊದಲು ನೆನಪಾಗುವುದು ಜಾತ್ರೆಯ ಬಲೂನು ಅಂಗಡಿ. ಹಲಗೆಗೆ ಸಾಲಾಗಿ ಬಲೂನು ಕಟ್ಟಿ, ಮುಂದೆ ಒಂದು ಬೆಂಚು ಅಡ್ಡವಿಟ್ಟು, ಒಂದೆರಡು ಹಳೇ ಕೋವಿ ಒರಗಿಸಿಕೊಂಡು ಕೂತವನ ಸುತ್ತ ಹುಡುಗರು ಮುತ್ತಿಕೊಂಡಿರುತ್ತಾರೆ. ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಬೇಕು. ಎದೆ ಸೆಟೆಸಿ, ಕೋವಿಯನ್ನು ತೋಳಬಲದಲ್ಲೇ ಎತ್ತಿ ಹಿಡಿದವನ ಗುಂಡು ಹಲಗೆಗೆ ಬಡಿಯುತ್ತದೆ. ಪಕ್ಕದಲ್ಲಿ ಬೆಂಚಿಗೆ ಎರಡೂ ಮೊಣಕೈ ಊರಿ, ಕೆನ್ನೆಯನ್ನು ಮರಕ್ಕೆ ಒತ್ತಿ, ಅವಸರವಿಲ್ಲದೆ ಹೊಡೆಯುವ ಹೆಣ್ಣುಮಗಳೊಬ್ಬಳು ಒಂದಾದ ಮೇಲೊಂದು ಬಲೂನು ಒಡೆಯುತ್ತಾಳೆ. ಜನ ‘ಎಂಥಾ ಕಣ್ಣಪ್ಪಾ’ ಅನ್ನುತ್ತಾರೆ. ಆ ಹೊಗಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವಳ ಮೊಣಕೈಗೆ ಸಲ್ಲಬೇಕು.

ಲೆಕ್ಕ ಸರಳವಾಗಿದೆ. ಭುಜದಿಂದ ನಳಿಗೆಯ ತುದಿಗೆ ಸುಮಾರು ಒಂದು ಮೀಟರ್ ಎಂದಿಟ್ಟುಕೊಳ್ಳಿ. ಆ ತುದಿ ಒಂದು ಮಿಲಿಮೀಟರ್ ಅಲುಗಿದರೆ ಹತ್ತು ಮೀಟರ್ ದೂರದಲ್ಲಿ ಗುಂಡು ಒಂದು ಸೆಂಟಿಮೀಟರ್ ತಪ್ಪುತ್ತದೆ, ಮೂವತ್ತು ಮೀಟರಿಗೆ ಮೂರು ಸೆಂಟಿಮೀಟರ್. ಎದೆ ಬಡಿತವೊಂದೇ ಸಾಕು, ಅಷ್ಟು ಅಲುಗಿಸುವುದಕ್ಕೆ. ಮಾಂಸಖಂಡ ದಣಿಯುತ್ತದೆ, ನಡುಗುತ್ತದೆ, ಮೂಳೆ ದಣಿಯುವುದಿಲ್ಲ. ಕೋವಿಯ ಭಾರವನ್ನು ಮಾಂಸದಿಂದ ತೆಗೆದು ಮೂಳೆಗೆ, ಮೂಳೆಯಿಂದ ನೆಲಕ್ಕೆ ಇಳಿಸುವುದೇ ಗುರಿಕಾರರ ವಿದ್ಯೆಯ ಬುನಾದಿ. ಮಲಗುವುದು, ಕೂರುವುದು, ಮಂಡಿಯೂರುವುದು, ನಿಲ್ಲುವುದು ಎಂದು ಈ ವಿದ್ಯೆಯಲ್ಲಿ ಹೇಳುವ ಭಂಗಿಗಳೆಲ್ಲ ಆ ಭಾರ ಇಳಿಸುವ ಬೇರೆ ಬೇರೆ ದಾರಿಗಳು.

ಬೋರಲು ಮಲಗಿದರೆ ಎದೆ, ಹೊಟ್ಟೆ, ತೊಡೆ, ಎರಡೂ ಮೊಣಕೈ ನೆಲದ ಮೇಲಿರುತ್ತವೆ. ಇದಕ್ಕಿಂತ ಗಟ್ಟಿ ಭಂಗಿ ಇನ್ನೊಂದಿಲ್ಲ. ಮೈಯನ್ನು ಗುರಿಯ ಗೆರೆಗೆ ಸ್ವಲ್ಪ ಓರೆಯಾಗಿಟ್ಟು, ಬಲಗೈಯವರಾದರೆ ಬಲಮಂಡಿಯನ್ನು ತುಸು ಮೇಲಕ್ಕೆ ಮಡಿಸಿಕೊಂಡರೆ ಹೊಟ್ಟೆ ನೆಲದಿಂದ ಎದ್ದು ಉಸಿರಾಟ ಹಗುರಾಗುತ್ತದೆ. ಚನ್ನರಾಯಪಟ್ಟಣದ ಕಡೆಯ ಬಯಲಿನಲ್ಲಿ, ಉತ್ತು ಹಸನಾದ ತೆಂಗಿನ ತೋಟದಲ್ಲಿ ಹೀಗೆ ಮಲಗಲು ಅಡ್ಡಿಯಿಲ್ಲ. ಅದೇ ಜಿಲ್ಲೆಯ ಪಡುವಲಿಗೆ, ಸಕಲೇಶಪುರದ ಕಾಫಿ ತೋಟಕ್ಕೆ ಹೋಗಿ ಮಲಗಿ ನೋಡಿ. ಲಂಟಾನ ಕಣ್ಣಿಗೆ ಅಡ್ಡ ಬರುತ್ತದೆ, ಮಳೆಗಾಲವಾದರೆ ಜಿಗಣೆ ಕಾಲರಿನೊಳಗೆ ಇಳಿಯುತ್ತದೆ. ಒಂದೇ ಜಿಲ್ಲೆ, ಅರ್ಧ ಬಯಲುಸೀಮೆ, ಅರ್ಧ ಮಲೆನಾಡು. ಯಾವ ಭಂಗಿ ಸಾಧ್ಯ ಎನ್ನುವುದನ್ನು ನೆಲವೇ ತೀರ್ಮಾನಿಸುತ್ತದೆ.

ಕೂತು ಹೊಡೆಯುವುದು ನಮ್ಮ ಜನಕ್ಕೆ ಸುಲಭವಾಗಿ ಒಗ್ಗಬೇಕು. ಚಕ್ಕಳಮಕ್ಕಳ ಹಾಕಿ ಉಣ್ಣುತ್ತಾ ಬೆಳೆದ ಮೈ ಇದು. ಎರಡು ಮೊಣಕೈಗಳನ್ನೂ ಮಂಡಿಗಳ ಒಳಬದಿಗೆ ಇಳಿಸಿ ಮುಂದಕ್ಕೆ ಬಾಗಿದರೆ ಮಲಗಿದಷ್ಟೇ ಅಲ್ಲದಿದ್ದರೂ ಅದಕ್ಕೆ ಹತ್ತಿರದ ಭದ್ರತೆ ಸಿಗುತ್ತದೆ. ಮಂಡಿಯೂರಿದಾಗ ಒಂದು ಸೂಕ್ಷ್ಮವಿದೆ: ಮೊಣಕೈಯ ಗೆಣ್ಣನ್ನು ಮಂಡಿಚಿಪ್ಪಿನ ಮೇಲೆಯೇ ಇಟ್ಟರೆ ಮೂಳೆಯ ಮೇಲೆ ಮೂಳೆ ಜಾರುತ್ತದೆ. ಮೊಣಕೈಯನ್ನು ಚಿಪ್ಪಿನಿಂದ ತುಸು ಮುಂದಕ್ಕೋ ಹಿಂದಕ್ಕೋ ಸರಿಸಿದರೆ ಮೆತ್ತನೆಯ ಜಾಗದಲ್ಲಿ ಕೂತುಕೊಳ್ಳುತ್ತದೆ. ನಿಂತು ಹೊಡೆಯುವುದು ಎಲ್ಲಕ್ಕಿಂತ ಕಷ್ಟ. ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಅಥವಾ ಪಕ್ಕೆಗೆ ಊರಿ, ಬೆನ್ನನ್ನು ಕೊಂಚ ಹಿಂದಕ್ಕೆ ವಾಲಿಸಿ, ಕೋವಿಯ ಭಾರ ನೇರವಾಗಿ ಪಾದಕ್ಕೆ ಇಳಿಯುವಂತೆ ನಿಂತರೂ ತುದಿ ಅಲುಗುತ್ತಲೇ ಇರುತ್ತದೆ. ಆ ಅಲುಗಾಟವನ್ನು ಸಣ್ಣದು ಮಾಡಬಹುದು, ಇಲ್ಲವಾಗಿಸಲಾಗದು.

ಇದನ್ನೇ ಜೀವನವಾಗಿಸಿಕೊಂಡವರ ಸಾಧನೆ ಕೇಳಿದರೆ ಮೈ ಜುಂ ಎನ್ನುತ್ತದೆ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ನಿಂತೇ ಹೊಡೆಯಬೇಕು. 4.5 ಮಿಲಿಮೀಟರಿನ ಗುಂಡು. ಗುರಿಹಲಗೆಯ ನಡುವಿನ ಹತ್ತರ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಗುಂಡಿಗಿಂತ ಚುಕ್ಕೆಯೇ ಚಿಕ್ಕದು! 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಅಂಕ ಪಡೆದು ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲಿ. ನಮ್ಮ ಬೆಂಗಳೂರಿನ ಹುಡುಗಿ ತಿಲೋತ್ತಮಾ ಸೇನ್ 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದದ್ದೂ ಇದರಲ್ಲೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ತಂದ ಐವತ್ತು ಮೀಟರ್ ಸ್ಪರ್ಧೆಯಲ್ಲಂತೂ ಮಂಡಿಯೂರಿ, ಮಲಗಿ, ನಿಂತು, ಮೂರೂ ಬಗೆಯಲ್ಲಿ ಹೊಡೆಯಬೇಕು. ಮೂರು ಭಂಗಿಗೂ ಒಬ್ಬನೇ ಗುರಿಕಾರ, ಆದರೆ ಅವನ ಗುಂಡುಗಳು ಚದುರುವ ಅಗಲ ಮೂರಕ್ಕೂ ಬೇರೆ ಬೇರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಭಂಗಿ ಹಿಡಿದ ಮೇಲೆ ಮಾಡಬೇಕಾದ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಗುರಿ ಇಟ್ಟು, ಕಣ್ಣು ಮುಚ್ಚಿ, ಒಂದೆರಡು ಸಲ ಉಸಿರಾಡಿ, ಮತ್ತೆ ಕಣ್ಣು ತೆರೆಯಬೇಕು. ಕೋವಿ ಗುರಿಯಿಂದ ಪಕ್ಕಕ್ಕೆ ಸರಿದಿದ್ದರೆ, ಅಲ್ಲಿಯವರೆಗೆ ಅದನ್ನು ತೋಳು ಬಲವಂತದಿಂದ ಎಳೆದು ಹಿಡಿದಿತ್ತು ಎಂದರ್ಥ. ಆಗ ಕೋವಿಯನ್ನು ತಳ್ಳಬಾರದು, ಕಾಲನ್ನೋ ಸೊಂಟವನ್ನೋ ಸರಿಸಿ ಇಡೀ ಮೈಯನ್ನೇ ತಿರುಗಿಸಿಕೊಳ್ಳಬೇಕು. ಆಮೇಲೆ ಉಸಿರು. ಉಸಿರು ಬಿಟ್ಟು, ಮುಂದಿನದನ್ನು ಎಳೆದುಕೊಳ್ಳುವ ಮೊದಲಿನ ಆ ಸಹಜ ಬಿಡುವಿನಲ್ಲಿ ಕೋವಿಯ ಕುದುರೆಯನ್ನು, ಅಂದರೆ ಟ್ರಿಗರನ್ನು, ಮೆಲ್ಲಗೆ ಒತ್ತಬೇಕು. ಉಸಿರು ಬಿಗಿಹಿಡಿದು ಏಳೆಂಟು ಸೆಕೆಂಡು ದಾಟಿದರೆ ಕಣ್ಣೇ ಮಂಜಾಗುತ್ತದೆ. ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುವುದು ಒಳ್ಳೆಯದು.

ಸ್ಪ್ರಿಂಗಿನ ಏರ್‌ಗನ್ನಿಗೆ ಇನ್ನೊಂದು ಸ್ವಭಾವವಿದೆ. ಕುದುರೆ ಒತ್ತಿದ ಕೂಡಲೇ ಒಳಗಿನ ಸ್ಪ್ರಿಂಗು ಬಿಚ್ಚಿಕೊಂಡು ಕೊಂತವನ್ನು ಮುಂದಕ್ಕೆ ತಳ್ಳುತ್ತದೆ. ಕೋವಿ ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ ಜಗ್ಗುತ್ತದೆ. ಇದೆಲ್ಲ ಗುಂಡು ನಳಿಗೆಯಿಂದ ಹೊರಬೀಳುವ ಮೊದಲೇ ಆಗಿಹೋಗುತ್ತದೆ. ಆದ್ದರಿಂದ ಬಿಗಿಯಾಗಿ ಹಿಡಿದಷ್ಟೂ ಗುಂಡು ಚದುರುತ್ತದೆ. ಅಂಗೈ ಮೇಲೆ ಕೋಳಿಮರಿ ಕೂರಿಸಿಕೊಂಡಷ್ಟು ಹಗುರಾಗಿ, ಪ್ರತಿ ಸಲವೂ ಅದೇ ಜಾಗದಲ್ಲಿ ಹಿಡಿಯಬೇಕು. ಕೋವಿಯನ್ನು ಗೋಡೆಗೋ ಕಲ್ಲಿಗೋ ನೇರವಾಗಿ ಒರಗಿಸಲೂಬಾರದು. ನಡುವೆ ಅಂಗೈ ಇರಲಿ. ಗುಂಡು ಹೊರಟ ಮೇಲೂ ಒಂದು ಗಳಿಗೆ ಕಣ್ಣು ಗುರಿಯ ಮೇಲೇ ಇರಲಿ.

ದೂರ ಅಂದಾಜಿಸುವ ಕಲೆಯೂ ಇದರೊಳಗೇ ಬರುತ್ತದೆ. ಅರ್ಧ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ, ಹತ್ತು ಮೀಟರಿಗೆ ಅದು ಒಂದು ಸೆಂಟಿಮೀಟರಿಗೆ ಚೂರು ಹೆಚ್ಚು ಇಳಿದಿರುತ್ತದೆ. ಮೂವತ್ತು ಮೀಟರಿಗೆ ಹತ್ತಿರ ಹತ್ತಿರ 14 ಸೆಂಟಿಮೀಟರ್. ಅಂದರೆ ದೂರ ಮೂರು ಪಟ್ಟಾದರೆ ಇಳಿತ ಒಂಬತ್ತು ಪಟ್ಟನ್ನೂ ದಾಟುತ್ತದೆ. ಇಪ್ಪತ್ತೈದನ್ನು ಮೂವತ್ತೈದು ಎಂದುಕೊಂಡವನ ಗುಂಡು ಎಲ್ಲಿಗೆ ಹೋಗುತ್ತದೆಂದು ನೀವೇ ಊಹಿಸಿ.

ಅರಕಲಗೂಡಿನಿಂದ ಕೊಣನೂರು ದಾಟಿದರೆ ಕೊಡಗು ದೂರವಿಲ್ಲ. ಅಲ್ಲಿನವರು ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ಹೆಂಗಸರೂ ಸಾಲಿನಲ್ಲಿ ನಿಂತು ಹೊಡೆಯುತ್ತಾರೆ. ಬೇಟೆಯ ಕಾಲ ಮುಗಿದರೂ ಗುರಿಯ ವಿದ್ಯೆಯನ್ನು ಉಳಿಸಿಕೊಂಡ ಈ ಜಾಣತನ ನನಗೆ ದೊಡ್ಡದಾಗಿ ಕಾಣುತ್ತದೆ. ಕಾಯಿ ತಪ್ಪಿದರೆ ಯಾವ ಜೀವವೂ ಗಾಯಗೊಂಡು ಪೊದೆಯೊಳಗೆ ನರಳುವುದಿಲ್ಲ.

ನಾನು ಹೇಳಹೊರಟ ಮಾತು ಇಲ್ಲಿದೆ. ಬೇಟೆ ಕಾನೂನುಬದ್ಧವಾಗಿರುವ ದೇಶಗಳಲ್ಲಿ, ಉದಾಹರಣೆಗೆ ಇಂಗ್ಲೆಂಡಿನಲ್ಲಿ ಏರ್ ರೈಫಲ್ಲಿನಿಂದ ಮೊಲ ಹೊಡೆಯುವವರಲ್ಲಿ, ಒಂದು ಕಟ್ಟುಪಾಡಿದೆ. ಪ್ರಾಣ ಹೋಗುವ ಜಾಗ ತಲೆಯಲ್ಲಿ ಒಂದು ನಾಣ್ಯದಗಲ. ಯಾವ ಭಂಗಿಯಲ್ಲಿ, ಎಷ್ಟು ದೂರದಿಂದ, ಹೊಡೆದ ಪ್ರತಿ ಗುಂಡೂ ಆ ನಾಣ್ಯದೊಳಗೇ ಬೀಳುತ್ತದೋ ಅದೇ ಆ ಭಂಗಿಯ ಎಲ್ಲೆ. ಮಲಗಿ ಮೂವತ್ತು ಮೀಟರ್ ಸಾಧ್ಯವಾದವನಿಗೆ ನಿಂತರೆ ಹದಿನೈದೂ ದಕ್ಕದೆ ಇರಬಹುದು. ನಿಂತಿದ್ದಾಗ ಪ್ರಾಣಿ ಇಪ್ಪತ್ತರಲ್ಲಿ ಕಂಡರೆ ಕೋವಿ ಇಳಿಸಿ ಸುಮ್ಮನಾಗಬೇಕು. ಅಭ್ಯಾಸವೆಲ್ಲ ಈ ಎಲ್ಲೆಯನ್ನು ತಿಳಿಯುವುದಕ್ಕಾಗಿ. ಬೇಟೆಯ ಪರವಾಗಿಯೂ ಇದಕ್ಕಿಂತ ಮನುಷ್ಯತ್ವದ ಮಾತು ಇನ್ನೊಂದಿಲ್ಲ.

ಆ ಮಾತನ್ನು ನಮ್ಮ ನೆಲಕ್ಕೆ ತಂದಾಗ ಉತ್ತರ ಸ್ಪಷ್ಟವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕೊಲ್ಲುವುದಷ್ಟೇ ಅಲ್ಲ, ಗಾಯ ಮಾಡುವುದು, ಉರುಳು ಹಾಕುವುದು, ಹಕ್ಕಿಯ ಮೊಟ್ಟೆ ಹಾಳು ಮಾಡುವುದು, ಇವುಗಳಿಗೆ ಯತ್ನಿಸುವುದೂ ಅದರ ಲೆಕ್ಕದಲ್ಲಿ ಬೇಟೆಯೇ. ನವಿಲಿನಂಥ ಮೊದಲ ಪಟ್ಟಿಯ ಜೀವಿಯನ್ನು ಹೊಡೆದರೆ 3ರಿಂದ 7 ವರ್ಷ ಜೈಲು. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮತ್ತು 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಆದರೆ ಕೋವಿಗೆ ಲೈಸೆನ್ಸ್ ಬೇಡವೆಂದ ಮಾತ್ರಕ್ಕೆ ಕಾಡುಪಾಪಕ್ಕೋ ಕೊಕ್ಕರೆಗೋ ಹೊಡೆಯಲು ಅಪ್ಪಣೆ ಸಿಕ್ಕಂತಾಗುವುದಿಲ್ಲ. ಆಲೂಗೆಡ್ಡೆ, ಜೋಳದ ಹೊಲಕ್ಕೆ ನುಗ್ಗುವ ಹಂದಿಯ ಮೇಲಿನ ರೈತರ ಸಿಟ್ಟು ನನಗೆ ಅರ್ಥವಾಗುತ್ತದೆ. ಒಂದು ರಾತ್ರಿಯಲ್ಲಿ ವರ್ಷದ ಅನ್ನ ಹೋಗುತ್ತದೆ. ಹಾಗೆಂದು ಹಂದಿಗೆ ಏರ್‌ಗನ್ ಹೊಡೆದರೆ ಹತ್ತು ಜೂಲಿನ ಆ ಗುಂಡು ಕೊಲ್ಲುವುದಿಲ್ಲ, ಚರ್ಮದಡಿ ಸಿಕ್ಕಿ ಕೀವಾಗುತ್ತದೆ. ಗಾಯಗೊಂಡ ಹಂದಿ ಮರುದಿನ ಎದುರಿಗೆ ಸಿಕ್ಕವರ ಮೇಲೆ ತಿರುಗುತ್ತದೆ.

2021ರ ಮಾರ್ಚಿನಲ್ಲಿ ಅರುಣಾಚಲ ಪ್ರದೇಶದಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಹಕ್ಕಿ ಹೊಡೆಯುವುದನ್ನು ಬದುಕಿನ ಭಾಗವಾಗಿಸಿಕೊಂಡಿದ್ದ ಹಳ್ಳಿಗರು ತಾವೇ ಮುಂದೆ ಬಂದು ಕೋವಿಗಳನ್ನು ಕೊಟ್ಟರು. ನಮ್ಮಲ್ಲಿ ಈ ಮನಸ್ಸು ಹೊಸದೇನಲ್ಲ. ರಾಮನಾಥಪುರದ ಕಾವೇರಿಯ ಮಡುವಿನಲ್ಲಿ ಮೀನುಗಳಿಗೆ ಪುರಿ ಹಾಕುತ್ತಾರೆ, ಗಾಳ ಹಾಕುವುದಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೆದ್ದ ಮೇಲೂ ಎತ್ತಿದ ಕೈ ಇಳಿಸಿದವನು ಸಾವಿರ ವರ್ಷ ದಾಟಿ ನಿಂತಿದ್ದಾನೆ. ನಮ್ಮ ಪುರಾಣವೂ ಎಚ್ಚರಿಸಿದೆ: ಕಾಣದ ಗುರಿಗೆ ಸದ್ದು ಕೇಳಿಯೇ ಹೊಡೆಯಬಲ್ಲೆನೆಂಬ ದಶರಥನ ಬಾಣ ಕೊಡದಲ್ಲಿ ನೀರು ತುಂಬುತ್ತಿದ್ದ ಶ್ರವಣಕುಮಾರನಿಗೆ ತಾಗಿತು. ಅವನ ಕೈ ತಪ್ಪಿರಲಿಲ್ಲ. ಏನಕ್ಕೆ ಹೊಡೆಯುತ್ತಿದ್ದೇನೆಂದು ನೋಡಿಕೊಂಡಿರಲಿಲ್ಲ.

ಹಾಗಾದರೆ ಭಂಗಿ, ಉಸಿರು, ದೂರ ಎಂದು ಇಷ್ಟು ಹೊತ್ತು ಹರಟಿದ್ದೇಕೆ? ಜೀವಕ್ಕೆ ಗುರಿ ಇಡಲೇಬೇಕಾದ ಒಂದು ಕೆಲಸ ನಮ್ಮ ಜಿಲ್ಲೆಯಲ್ಲಿ ಇವತ್ತಿಗೂ ಇದೆ. ಆಲೂರು, ಸಕಲೇಶಪುರ, ಬೇಲೂರಿನ ತೋಟಗಳಲ್ಲಿ ಆನೆ ಮತ್ತು ಮನುಷ್ಯ ಒಂದೇ ದಾರಿಯಲ್ಲಿ ಓಡಾಡುತ್ತಿದ್ದಾರೆ. ಗಾಯಗೊಂಡ ಆನೆಗೆ ಮದ್ದು ಮಾಡಲು, ಪುಂಡಾನೆಯನ್ನು ಹಿಡಿದು ಸಾಗಿಸಲು, ರೇಡಿಯೋ ಕಾಲರ್ ತೊಡಿಸಲು ಅರಣ್ಯ ಇಲಾಖೆಯವರು ಅರಿವಳಿಕೆಯ ಡಾರ್ಟ್ ಹೊಡೆಯುತ್ತಾರೆ. ಆ ಕೋವಿಗಳಲ್ಲಿ ಹಲವು ಸಿಡಿಮದ್ದಿಲ್ಲದೆ, ಒತ್ತಿಟ್ಟ ಅನಿಲದಿಂದಲೇ ಕೆಲಸ ಮಾಡುತ್ತವೆ. ಅಂದರೆ ಏರ್‌ಗನ್ನಿನದೇ ಕುಲ. ದೂರಕ್ಕೆ ತಕ್ಕಂತೆ ಒತ್ತಡ ತಿರುಗಿಸಿಕೊಳ್ಳಬೇಕು: ಕಡಿಮೆಯಾದರೆ ಡಾರ್ಟ್ ಮುಂದೆಯೇ ಬೀಳುತ್ತದೆ, ಹೆಚ್ಚಾದರೆ ಮಾಂಸ ಹರಿದು ಒಳಗೆ ಇಳಿಯುತ್ತದೆ. ತೊಡೆ, ಪಿರ್ರೆಯ ದಪ್ಪ ಮಾಂಸಕ್ಕೆ ನೇರವಾಗಿ ಚುಚ್ಚಬೇಕು. ಎದೆಗೂಡಿಗೋ ಹೊಟ್ಟೆಗೋ ಬಿದ್ದರೆ ಪ್ರಾಣಕ್ಕೆ ಅಪಾಯ. ಅರ್ಧ ಮದ್ದು ಇಳಿದರೆ ಆನೆ ಅಮಲಿನಲ್ಲೇ ಕೆರೆಗೋ ಇಳಿಜಾರಿಗೋ ಓಡುತ್ತದೆ. ಎದೆಯ ಮೇಲೆ ಕುಸಿದರೆ ಅದರ ಭಾರಕ್ಕೇ ಉಸಿರು ಕಟ್ಟುತ್ತದೆ. ಇಲ್ಲಿ ಮಲಗಿ ಗುರಿ ಇಡುವ ಪುಣ್ಯವಿಲ್ಲ. ನಿಂತು, ಕಾಫಿ ಗಿಡದ ಸಂದಿಯಲ್ಲಿ, ಓಡುವ ದಾರಿ ಕಾಯ್ದಿಟ್ಟುಕೊಂಡು, ಮೂವತ್ತು ನಲವತ್ತು ಮೀಟರಿನೊಳಗೆ, ಒಂದೇ ಸಲಕ್ಕೆ ಹೊಡೆಯಬೇಕು.

2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಿಸಲೆಂದು ಡಾರ್ಟ್ ಹಿಡಿದು ಹೋದವರು ‘ಆನೆ ವೆಂಕಟೇಶ್’ ಎಂದೇ ಜಿಲ್ಲೆ ಕರೆಯುತ್ತಿದ್ದ ಗುರಿಕಾರರು. ಭೀಮ ತಿರುಗಿ ಬಂದ, ವೆಂಕಟೇಶ್ ಉಳಿಯಲಿಲ್ಲ. ಅದೇ ವರ್ಷ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವಾಗ, ಎಂಟು ಬಾರಿ ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನ, ಸಲಗದೊಡನೆ ಕಾದಾಡಿ ಸತ್ತ. ಇಡೀ ನಾಡು ಅರ್ಜುನನಿಗಾಗಿ ಅತ್ತಿತು, ಅಳಬೇಕಾದದ್ದೇ. ವೆಂಕಟೇಶರ ಹೆಸರೂ ಅದೇ ಉಸಿರಿನಲ್ಲಿ ನಮ್ಮ ಬಾಯಲ್ಲಿ ಬರಬೇಕೆಂಬುದು ನನ್ನ ಆಸೆ. ಉಳಿಸುವುದಕ್ಕಾಗಿ ಗುರಿ ಇಟ್ಟವರು ಅವರು.

ಗುರಿಯ ಹುಚ್ಚು ಹತ್ತಿದ ಹುಡುಗ ಹುಡುಗಿಯರು ಹಾಸನದಲ್ಲಿ, ಹೊಳೆನರಸೀಪುರದಲ್ಲಿ ಬೇಕಾದಷ್ಟಿದ್ದಾರೆ. ಅವರ ಕೈಗೆ ಏರ್‌ಗನ್ ಕೊಟ್ಟು ಬೇಲಿಯ ಕಡೆ ಕಳಿಸುವ ಬದಲು, ತಾಲ್ಲೂಕಿಗೊಂದು ಹತ್ತು ಮೀಟರಿನ ಶೂಟಿಂಗ್ ರೇಂಜ್ ಕಟ್ಟಿಕೊಡೋಣ. ಹಿಂದೆ ಮಣ್ಣಿನ ದಿಬ್ಬ, ಕಣ್ಣಿಗೆ ಕನ್ನಡಕ, ಒಬ್ಬ ಕೋಚ್, ಇಷ್ಟಿದ್ದರೆ ಶುರುವಾಯಿತು. ಮೊದಲು ಮಲಗಿ, ಆಮೇಲೆ ಕೂತು, ಮಂಡಿಯೂರಿ, ಕೊನೆಗೆ ನಿಂತು ಕಲಿಯಲಿ. ಅಲ್ಲಿ ಕಲಿತವರಲ್ಲಿ ಒಬ್ಬರು ಪದಕ ತರಬಹುದು, ಇನ್ನೊಬ್ಬರು ಪಶುವೈದ್ಯರಾಗಿ ಡಾರ್ಟ್ ಹಿಡಿಯಬಹುದು. ಹಾಗೆ ಕಾಡಿಗೆ ಇಳಿಯುವವರಿಗೆ ತರಬೇತಿ, ವಿಮೆ, ಬೆನ್ನ ಹಿಂದೆ ನುರಿತ ಮಾವುತರ ಸಾಕಾನೆಗಳು ಸಿಗಬೇಕು. ಅದನ್ನು ಕೇಳುವ ಹಕ್ಕು ಅವರಿಗಿದೆ, ಕೊಡುವ ಹೊಣೆ ನಮಗಿದೆ.