ಗೋಡೆಯೊಳಗಿನ ಕಾವು

ಸೊಲ್ಲಾಪುರದ ಬೇಸಿಗೆ 40 ಡಿಗ್ರಿ ದಾಟುವುದು ನಮಗೆ ಹೊಸತಲ್ಲ. ಒಂದು ಕಾಲಕ್ಕೆ ದಪ್ಪ ಮಣ್ಣಿನ ಗೋಡೆ, ಲಾವಂಚದ ತಟ್ಟಿ, ಹರವಿಯ ತಣ್ಣೀರು ಇವೇ ನಮ್ಮ ಆಸರೆಯಾಗಿದ್ದವು. ಈಗ ಪೇಟೆಯ ಹಳೆಯ ಮನೆಗಳಿಗೂ ಎ.ಸಿ. ಬಂದಿದೆ. ಅದನ್ನು ವಿಲಾಸವೆನ್ನಲಾರೆ, ಮುಪ್ಪಿನವರಿಗೆ ಅದು ನೆಮ್ಮದಿಯ ನಿದ್ರೆ. ಆದರೆ ಯಂತ್ರ ಹೊಸದಾದರೂ ಗೋಡೆಯೊಳಗಿನ ತಂತಿ ಹಳೆಯದೇ ಉಳಿದಿರುತ್ತದೆ.

ನಮ್ಮ ಮನೆಯ ವೈರಿಂಗ್ ತಂದೆಯವರ ಕಾಲದ್ದು. ನಾಲ್ಕು ದೀಪ, ಎರಡು ಫ್ಯಾನು, ಒಂದು ರೇಡಿಯೋಕ್ಕಾಗಿ ಎಳೆಸಿದ್ದು. ಅವ್ವನ ಕೋಣೆಗೆ ಒಂದೂವರೆ ಟನ್ನಿನ ಎ.ಸಿ. ಕೂಡಿಸಲು ಬಂದವರು ಇದ್ದ ತಂತಿಗೇ ಅದನ್ನು ಜೋಡಿಸಿ ಹೋದರು. ಅದೇ ತಂತಿಯ ಮೇಲೆ ಫ್ರಿಜ್ಜು, ಇಸ್ತ್ರಿಪೆಟ್ಟಿಗೆಗಳೂ ಇದ್ದವು. ಮಧ್ಯಾಹ್ನವಾದೊಡನೆ ಎಂಸಿಬಿ ಬೀಳತೊಡಗಿತು. ನೆರೆಹೊರೆಯವರ ಸಲಹೆ ಒಂದೇ: "10 ಆಂಪಿಯರಿನದು ತೆಗೆದು 25ರದ್ದು ಹಾಕಿಸಿರಿ."

ಕರೆಸಿದ ವೈರ್‌ಮನ್ ಒಪ್ಪಲಿಲ್ಲ. "ಸರ, ಎಂಸಿಬಿ ಇರೋದು ಮಷೀನ್ ಕಾಯಾಕಲ್ರೀ, ಗ್ವಾಡಿ ಒಳಗಿನ ವಾಯರ್ ಕಾಯಾಕ. ಕಾವಲುಗಾರ ಕೂಗ್ತಾನಂತ ಅವನ ಬಾಯಾಗ ಅರಿವಿ ತುರಕೋದೇನ್ರೀ?" ಎಂದ.

ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿದ ಊರು ನಮ್ಮದು. ಆ ಮಾತು ನನಗೆ ಕೆರೆಯ ತೂಬನ್ನು ನೆನಪಿಸಿತು. ಕಾಲುವೆಯ ಅಗಲ ನೋಡದೆ ತೂಬನ್ನು ಪೂರ್ತಿ ಎತ್ತಿದರೆ ಒಡೆಯುವುದು ಕಾಲುವೆಯ ದಂಡೆ. ತಂತಿಯ ಧರ್ಮವೂ ಅದೇ. ಹರಿಯುವ ವಿದ್ಯುತ್ತು ಇಮ್ಮಡಿಯಾದರೆ ಹುಟ್ಟುವ ಕಾವು ನಾಲ್ಮಡಿಯಾಗುತ್ತದೆ. ತಂತಿಯ ಹೊದಿಕೆ ಗೋಡೆಯೊಳಗೇ ಮೆತ್ತಗಾಗಿ, ಕರಗಿ, ಹೊತ್ತಿಕೊಳ್ಳುತ್ತದೆ. ಎ.ಸಿ. ಓಡುವುದು ಮನೆಮಂದಿ ಮಲಗಿರುವ ಹೊತ್ತಿನಲ್ಲಿ ಎಂಬುದನ್ನು ನೆನೆದರೆ ಎದೆ ನಡುಗುತ್ತದೆ.

ಆತ ಬೋರ್ಡಿನಿಂದ ಎ.ಸಿ.ಗೆಂದೇ ಬೇರೊಂದು ಲೈನ್ ಎಳೆದ. 4 ಚದರ ಮಿಲಿಮೀಟರಿನ ತಾಮ್ರದ ತಂತಿ. ನಡುವೆ ಎಲ್ಲಿಯೂ ಜೋಡಣೆಯಿಲ್ಲ. ಅದಕ್ಕೆ 20 ಆಂಪಿಯರಿನ 'ಸಿ' ಬಗೆಯ ಎಂಸಿಬಿ. ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ ಹಲವು ಪಟ್ಟು ವಿದ್ಯುತ್ತನ್ನು ಎಳೆಯಬಹುದು. 'ಸಿ' ಬಗೆಯದು ಆ ಕ್ಷಣವನ್ನು ತಾಳಿಕೊಂಡು, ಶಾರ್ಟ್ ಸರ್ಕ್ಯೂಟಿಗೂ ಬಹುಹೊತ್ತಿನ ಅತಿಭಾರಕ್ಕೂ ತಪ್ಪದೆ ಬೀಳುತ್ತದೆ. ಇಷ್ಟಾದರೂ ಅದು ಕಾಯುವುದು ತಂತಿಯನ್ನು. ಮುಟ್ಟುವ ಕೈಯನ್ನು ಕಾಯಲು 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವ ಆರ್‌ಸಿಸಿಬಿಯನ್ನೂ ಗಟ್ಟಿಯಾದ ಅರ್ಥಿಂಗನ್ನೂ ಕೂಡಿಸಿದ. ಎಲ್ಲ ಸೇರಿದ ಖರ್ಚು ಯಂತ್ರದ ಬೆಲೆಯೆದುರು ಅಲ್ಪವೇ.

ಗಡಿಯ ಈಚೆಗಿರುವ ನಮ್ಮ ಮನೆಗಳಲ್ಲಿ ಇನ್ನೂ ಮರದ ತೊಲೆ-ಜಂತಿಗಳಿವೆ, ಹಿರಿಯರು ಕೂಡಿಟ್ಟ ಕನ್ನಡ ಪುಸ್ತಕಗಳ ಕಪಾಟುಗಳಿವೆ, ವಯಸ್ಸಾದ ತಾಯಿ-ತಂದೆಗಳಿದ್ದಾರೆ. ಆದ್ದರಿಂದ ಸಂಘದ ಬಂಧುಗಳಲ್ಲಿ ನನ್ನದೊಂದು ವಿನಂತಿ. ಪ್ಲಗ್ಗು ಕಂದಿದ್ದರೆ, ಬಿಸಿಯಾಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ ತಡಮಾಡಬೇಡಿರಿ. ಎಂಸಿಬಿ ಮೇಲಿಂದ ಮೇಲೆ ಬಿದ್ದರೆ ಅದನ್ನು ಬೈಯಬೇಡಿರಿ, ಕಾರಣ ಹುಡುಕಿಸಿರಿ. ಮುಂದಿನ ಬೇಸಿಗೆಗೆ ಮುನ್ನ ಒಬ್ಬ ಬಲ್ಲ ವೈರ್‌ಮನ್‌ನನ್ನು ಕರೆಸಿ, ಬೋರ್ಡಿನ ಮುಚ್ಚಳ ತೆಗೆಸಿ, ಎಂಸಿಬಿಯ ಅಂಕಿಗೂ ತಂತಿಯ ಗಾತ್ರಕ್ಕೂ ಹೊಂದಿಕೆಯಿದೆಯೇ ಎಂದು ಕೇಳಿರಿ.